ಮೂಗಿನೊಳಗಿನ ಗಡ್ಡೆಗೆ ಮುಖ ಕೊಯ್ಯಬೇಕೇ? ಒಂದು ಹಳೆಯ ವಾದದ ಹಿನ್ನೆಲೆ

ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿಕೊಂಡಿರುತ್ತದೆ, ಆಗೊಮ್ಮೆ ಈಗೊಮ್ಮೆ ರಕ್ತ ಒಸರುತ್ತದೆ. ‘ಮೂಗಿನಲ್ಲಿ ಮಾಂಸ ಬೆಳೆದಿದೆ’ ಎಂದುಕೊಂಡಿದ್ದವರ ಬಯಾಪ್ಸಿ ವರದಿಯಲ್ಲಿ ಕೆಲವೊಮ್ಮೆ ‘ಇನ್ವರ್ಟೆಡ್ ಪ್ಯಾಪಿಲೋಮ’ ಎಂದು ಬರುತ್ತದೆ. ಇದು ಕ್ಯಾನ್ಸರ್ ಅಲ್ಲ. ಆದರೂ ಎಲುಬನ್ನು ಸವೆಸುತ್ತದೆ, ತೆಗೆದರೂ ಮರಳುತ್ತದೆ, ನೂರರಲ್ಲಿ ಐದರಿಂದ ಹತ್ತು ಮಂದಿಯಲ್ಲಿ ಕ್ಯಾನ್ಸರ್ ಜೊತೆಗೂಡಿರುತ್ತದೆ. ಇಂಥದ್ದನ್ನು ಹೊಳ್ಳೆಯ ಮೂಲಕವೇ ತೆಗೆದರೆ ಸಾಕೇ ಎಂಬ ಪ್ರಶ್ನೆಗೆ ವೈದ್ಯಲೋಕ ಬಹುಕಾಲ ‘ಸಾಲದು’ ಎಂದೇ ಹೇಳುತ್ತಿತ್ತು.

19ನೇ ಶತಮಾನದ ಮಧ್ಯದಲ್ಲೇ ವೈದ್ಯರು ಈ ಗಡ್ಡೆಯನ್ನು ವರ್ಣಿಸಿದ್ದರು; ಅದು ಒಳಮುಖವಾಗಿ ಬೆಳೆಯುವ ಬಗೆಯನ್ನು ಸ್ವೀಡನ್ನಿನ ವೈದ್ಯ ರಿಂಗರ್ಟ್ಸ್ 1938ರಲ್ಲಿ ವಿವರಿಸಿದರು. ಅಷ್ಟರಲ್ಲಿ ಮೇಲ್ದವಡೆಯ ಸೈನಸ್ಸಿಗೆ (ಮೂಗಿಗೆ ತೆರೆದುಕೊಳ್ಳುವ, ಎಲುಬಿನೊಳಗಿನ ಗಾಳಿಗೂಡು) ತುಟಿಯ ಅಡಿಯಿಂದ ದಾರಿ ಮಾಡುವ ಕಾಲ್ಡ್‌ವೆಲ್–ಲುಕ್ ಶಸ್ತ್ರಕ್ರಿಯೆಯೂ ಮೂಗಿನ ಪಕ್ಕ ಮುಖವನ್ನೇ ಸೀಳುವ ಪದ್ಧತಿಯೂ ಬಳಕೆಗೆ ಬಂದಿದ್ದವು. ಸಣ್ಣದಾಗಿ ಕಿತ್ತಾಗಲೆಲ್ಲ ಗಡ್ಡೆ ಮರಳುತ್ತಿದ್ದುದರಿಂದ, ಅಕ್ಕಪಕ್ಕದ ಎಲುಬಿನ ಸಮೇತ ಇಡಿಯಾಗಿ ತೆಗೆಯಬೇಕೆಂಬ ನಿಯಮ ಬೇರೂರಿತು. ಕೆನ್ನೆಯ ಗಾಯದ ಗುರುತು ಅದರ ಬೆಲೆ.

ನೋಟ ಬದಲಾದದ್ದು ಬೆಳಕಿನಿಂದ. ಬ್ರಿಟನ್ನಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ಕೊಳವೆಯೊಳಗೆ ಗಾಜಿನ ಸಲಾಕೆಗಳನ್ನು ಜೋಡಿಸಿ ಸ್ಪಷ್ಟ ಚಿತ್ರ ಪಡೆದರು. ಆಸ್ಟ್ರಿಯಾದ ಗ್ರಾಜ್‌ನಲ್ಲಿ ವೈದ್ಯ ಮೆಸ್ಸರ್‌ಕ್ಲಿಂಗರ್ ಆ ಎಂಡೋಸ್ಕೋಪಿನಿಂದ (ದೇಹದೊಳಗೆ ತೂರಿಸಿ ನೋಡುವ ಕೊಳವೆ) ಸೈನಸ್ಸುಗಳ ಬಾಗಿಲುಗಳನ್ನು ಅಭ್ಯಸಿಸಿದರು. 1985ರಲ್ಲಿ ಅಮೆರಿಕದ ವೈದ್ಯ ಡೇವಿಡ್ ಕೆನಡಿ ಅವರ ಬರಹಗಳೊಂದಿಗೆ ಈ ವಿಧಾನ ಜಗತ್ತಿಗೆ ಹಬ್ಬಿತು. ಆದರೆ ಅದು ಸೋಂಕಿಗೆ, ಪಾಲಿಪ್‌ಗೆ (ಒಳಪೊರೆ ಊದಿ ಜೋತುಬೀಳುವ ಮೆತ್ತನೆಯ ಬೆಳವಣಿಗೆ). ಗಡ್ಡೆಗೆ ಬಳಸಹೊರಟವರು ಅದನ್ನು ತುಂಡುತುಂಡಾಗಿ ತೆಗೆಯಬೇಕಾಗಿತ್ತು, ನಿಯಮಕ್ಕೆ ನೇರ ವಿರುದ್ಧವಾಗಿ. ಆಕ್ಷೇಪ ಬಿರುಸಾಗಿಯೇ ಬಂತು, ಅಕಾರಣವಾಗಿಯೂ ಅಲ್ಲ.

ಉತ್ತರ ಸಿಕ್ಕಿದ್ದು ಉಪಕರಣದಲ್ಲಲ್ಲ, ಗಡ್ಡೆಯ ಸ್ವಭಾವದಲ್ಲೇ. ಹೊಳ್ಳೆಯನ್ನೆಲ್ಲ ತುಂಬಿದಂತೆ ಕಂಡರೂ ಅದರ ಬಹುಭಾಗ ಜೋತುಬಿದ್ದಿರುತ್ತದೆ. ಅಂಟಿಕೊಂಡಿರುವುದು ಹೆಚ್ಚಾಗಿ ಒಂದು ಸೀಮಿತ ಜಾಗಕ್ಕೆ. ಜೋತ ಭಾಗವನ್ನು ಕತ್ತರಿಸಿ ದಾರಿ ಮಾಡಿಕೊಂಡು, ಬುಡವನ್ನು ಕಂಡುಹಿಡಿದು, ಅಲ್ಲಿನ ಒಳಪೊರೆಯನ್ನು ಎಬ್ಬಿಸಿ, ಅಡಿಯ ಎಲುಬನ್ನು ಡ್ರಿಲ್ಲಿನಿಂದ ತೇಯ್ದರೆ ಗಡ್ಡೆ ಮರಳುವ ಸಾಧ್ಯತೆ ತಗ್ಗುತ್ತದೆ. ಬುಡವಿರುವಲ್ಲಿ ಎಲುಬು ದಪ್ಪಗಟ್ಟಿದ್ದರೆ ಸಿ.ಟಿ. ಸ್ಕ್ಯಾನ್ ಮೊದಲೇ ಸುಳಿವು ಕೊಡುತ್ತದೆ. ಗಡ್ಡೆ ಎಲ್ಲಿ ಮುಗಿದು ಕಟ್ಟಿಕೊಂಡ ಲೋಳೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಎಂ.ಆರ್.ಐ. ತೋರಿಸುತ್ತದೆ.

2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಗಡ್ಡೆ ಮರಳಿದ ಪ್ರಮಾಣ ಎಂಡೋಸ್ಕೋಪಿಯಲ್ಲಿ ಶೇ 12, ಇತರ ವಿಧಾನಗಳಲ್ಲಿ ಶೇ 20 ಇತ್ತು. ಸುಲಭದ ಗಡ್ಡೆಗಳೇ ಎಂಡೋಸ್ಕೋಪಿನ ಪಾಲಿಗೆ ಬಂದಿರಬಹುದು ಎಂಬ ಅನುಮಾನ ನ್ಯಾಯವಾದದ್ದೇ. ಅಂತೂ ಮುಖ ಸೀಳಲೇಬೇಕೆಂಬ ಪಟ್ಟು ಅಲ್ಲಿಗೆ ಸಡಿಲವಾಯಿತು.

ಹಾಗೆಂದು ಹೊಳ್ಳೆಯ ದಾರಿ ಎಲ್ಲಕ್ಕೂ ಸಾಲುವುದಿಲ್ಲ. ಹಣೆಯ ಸೈನಸ್ಸಿನ ಹೊರ ಅಂಚಿನಲ್ಲಿ ಬುಡವಿದ್ದರೆ ಇಂದಿಗೂ ಹೊರಗಿನಿಂದ ತೆರೆಯಬೇಕಾಗಬಹುದು. ಹೀಗಿರುವಾಗ ‘ಗಾಯವಿಲ್ಲದ ಆಪರೇಷನ್’ ಎಂಬ ಜಾಹೀರಾತಿನ ಭಾಷೆ ಕೊಂಚ ಅವಸರದ್ದು. ಅದಕ್ಕಿಂತ ದೊಡ್ಡ ಅವಸರವೆಂದರೆ ಒಂದೇ ಬದಿಯ ‘ಮಾಂಸ’ವನ್ನು ಬರೀ ಪಾಲಿಪ್ ಎಂದು ಬಗೆದು, ಸ್ಕ್ಯಾನ್ ಇಲ್ಲದೆ ಕಿತ್ತು, ಪ್ರಯೋಗಾಲಯಕ್ಕೂ ಕಳಿಸದಿರುವುದು. ಬುಡ ಉಳಿದ ಗಡ್ಡೆ ವರ್ಷಗಳ ನಂತರವೂ ಮರಳಬಲ್ಲದು, ಎರಡನೆಯ ಶಸ್ತ್ರಕ್ರಿಯೆ ಮೊದಲಿನದಕ್ಕಿಂತ ಕಠಿಣ. ಆದ್ದರಿಂದಲೇ ಶಸ್ತ್ರಕ್ರಿಯೆಯಾದ ಎಷ್ಟೋ ವರ್ಷಗಳವರೆಗೆ ರೋಗಿಯನ್ನು ಕರೆಸಿ, ಮರಗಟ್ಟಿಸುವ ಸ್ಪ್ರೇ ಹಾಕಿ, ಹೊರರೋಗಿ ವಿಭಾಗದಲ್ಲೇ ಎಂಡೋಸ್ಕೋಪ್ ತೂರಿಸಿ ಆ ಜಾಗವನ್ನು ನೋಡುತ್ತಾರೆ.