ಹಳೇ ಗಾಡಿಗೆ ಯಾವ ಕೂಲಂಟ್? ಬಣ್ಣ ಬಿಡಿ, ಲೋಹ ನೋಡಿ

ಎಂಜಿನ್ ತಣ್ಣಗಿಡುವ ಕೂಲಂಟ್ ಕೊಳ್ಳಲು ಅಂಗಡಿಗೆ ಹೋಗಿ "ಹಸಿರು ಕೊಡ್ರಿ, ಕೆಂಪು ಕೊಡ್ರಿ" ಎಂದು ಕೇಳುವಲ್ಲೇ ಅರ್ಧ ತಪ್ಪು ಶುರುವಾಗುತ್ತದೆ. ಬಣ್ಣ ಬರೀ ಬಣ್ಣ. ಎಲ್ಲ ಕಂಪನಿಗಳಿಗೂ ಒಂದೇ ನಿಯಮವಿಲ್ಲ. ನೋಡಬೇಕಾದ್ದು ರೇಡಿಯೇಟರ್‌ನ ಲೋಹ, ಡಬ್ಬಿಯೊಳಗಿನ ತುಕ್ಕುನಿರೋಧಕದ ಜಾತಿ.

ಬಾನೆಟ್ ಎತ್ತಿ ರೇಡಿಯೇಟರ್‌ನ ಮೇಲಿನ ಟ್ಯಾಂಕ್ ನೋಡಿ. ಕರಿ ಬಣ್ಣ ಬಳಿದಿದ್ದರೆ ಮೂಲೆಯಲ್ಲಿ ಚೂರು ಕೆರೆಯಿರಿ. ಹಿತ್ತಾಳೆ ಹೊಳೆದು, ಅಂಚಿನಲ್ಲಿ ಬೆಸುಗೆಯ ಗೆರೆ ಕಂಡರೆ ಅದು ತಾಮ್ರ-ಹಿತ್ತಾಳೆಯ ಹಳೇ ಮಾದರಿ. ಆ ಬೆಸುಗೆಯಲ್ಲಿ ಸೀಸ ಇರುತ್ತದೆ. ಇದಕ್ಕೆ ಐಎಟಿ (ಅಜೈವಿಕ ತುಕ್ಕುನಿರೋಧಕದ್ದು) ಎನ್ನುವ ಹಳೇ ಪದ್ಧತಿಯ ಕೂಲಂಟೇ ಸರಿ. ಹೊಸ ಕಾರುಗಳ ಓಎಟಿ (ಸಾವಯವ ಆಮ್ಲದ ತುಕ್ಕುನಿರೋಧಕದ್ದು) ಹೆಚ್ಚು ಬಾಳುತ್ತದೆ ನಿಜ, ಆದರೆ ಅಂಥ ಕೆಲವುಗಳಲ್ಲಿರುವ 2-ಇಎಚ್‌ಎ ಆಮ್ಲ ಸೀಸದ ಬೆಸುಗೆಗೂ ಹಳೇ ಸಿಲಿಕೋನ್ ಸೀಲುಗಳಿಗೂ ಒಗ್ಗುವುದಿಲ್ಲ. ಎರಡನ್ನೂ ಬೆರೆಸಲೇಬೇಡಿ. ಐಎಟಿಯನ್ನು 2 ವರ್ಷಕ್ಕೊಮ್ಮೆ ಬದಲಿಸಿ.

ಹಳೇ ಟ್ರ್ಯಾಕ್ಟರ್, ಲಾರಿಗಳ ಮಾತು ಬೇರೆ. ಅಲ್ಲಿ ಬಹುಮಟ್ಟಿಗೆ ಕೂಲಂಟ್ ನೇರವಾಗಿ ಲೈನರ್‌ಗೆ, ಅಂದರೆ ಪಿಸ್ಟನ್ ಓಡಾಡುವ ಲೋಹದ ಕೊಳವೆಗೆ, ತಾಗುತ್ತದೆ. ಲೈನರ್ ನಡುಗಿದಾಗ ಹುಟ್ಟುವ ಗುಳ್ಳೆಗಳು ಒಡೆದೊಡೆದು ಅದರ ಹೊರಮೈಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯುತ್ತವೆ. ಕೊನೆಗೆ ನೀರು ಆಯಿಲ್‌ಗೆ ಇಳಿಯುತ್ತದೆ. ಹಾಗಾಗಿ ಡಬ್ಬಿ ಮೇಲೆ ಎಎಸ್‌ಟಿಎಂ ಡಿ 6210 ಎಂಬ ಗುಣಮಟ್ಟದ ಗುರುತು ಇರಲಿ. ಕಾರಿಗೆ ಡಿ 3306 ಸಾಕು.

ಇನ್ನು ನೀರು. ರಾಯಚೂರು ಎರಡು ಹೊಳೆಗಳ ನಡುವಿನ ಸೀಮೆಯಾದರೂ ಗ್ಯಾರೇಜಿನಲ್ಲಿ ಕೈಗೆ ಸಿಗುವುದು ಬಹುಮಟ್ಟಿಗೆ ಬೋರಿನ ಗಡಸು ನೀರೇ. ಸ್ನಾನದ ಹಂಡೆಯೊಳಗೆ ಬೆರಳಾಡಿಸಿದರೆ ಬಿಳಿ ಪದರ ಒರಟಾಗಿ ತಾಗುತ್ತದಲ್ಲ, ಅದೇ ಸುಣ್ಣ ಎಂಜಿನ್ ಹೆಡ್ಡಿನ ಸಂದಿಗಳಲ್ಲೂ ಕೂರುತ್ತದೆ. ಕೂಲಂಟಿನಲ್ಲಿ ಫಾಸ್ಫೇಟ್ ಇದ್ದರೆ ಅದೂ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಗಷ್ಟಾಗಿ ತಳಕ್ಕಿಳಿಯುತ್ತದೆ. ಡಿಸ್ಟಿಲ್ಡ್ ವಾಟರನ್ನೇ ತನ್ನಿ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ ಎನ್ನುವವರಿದ್ದಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿಗೇ ಅದು ಹೆಚ್ಚು ಬೇಕು. ಅರ್ಧಕ್ಕರ್ಧ ಮಿಶ್ರಣ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, ರೇಡಿಯೇಟರಿನ ಮುಚ್ಚಳ 0.9 ಬಾರ್ ಒತ್ತಡ ಹಿಡಿದರೆ 125ರ ಆಚೆ. ಮುಚ್ಚಳದ ರಬ್ಬರ್ ಸೀಳಿದ್ದರೆ ಈ ಲಾಭ ಹೋಯಿತು. ಹಾಗಂತ ಕೂಲಂಟ್ ನೂರಕ್ಕೆ 60 ಪಾಲು ಮೀರಬಾರದು. ಕೂಲಂಟಿನ ಮುಖ್ಯ ದ್ರವವಾದ ಗ್ಲೈಕಾಲ್ ನೀರಿನಷ್ಟು ಶಾಖ ಹೊರುವುದಿಲ್ಲ.

ತುಂಬುವಾಗ ಬಹಳ ಮಂದಿ ಎಡವುವುದು ಲೆಕ್ಕದಲ್ಲಿ. 8 ಲೀಟರ್ ಹಿಡಿಯುವ ಗಾಡಿ ಎಂದುಕೊಳ್ಳಿ. ರೇಡಿಯೇಟರಿನ ತಳದ ನಲ್ಲಿಯನ್ನು ತಿರುವಿದರೆ 5 ಲೀಟರ್ ಇಳಿಯಿತು. 3 ಲೀಟರ್ ಎಂಜಿನ್ ಬ್ಲಾಕಿನಲ್ಲೇ ಉಳಿಯಿತು. ತೊಳೆದ ಮೇಲೆ ಆ 3 ಲೀಟರ್ ಬರೀ ನೀರು. ಈಗ ರೆಡಿಮಿಕ್ಸ್ (ಅರ್ಧ ನೀರು ಮೊದಲೇ ಬೆರೆಸಿದ್ದು) 5 ಲೀಟರ್ ಸುರಿದರೆ ಅದರಲ್ಲಿ ಗ್ಲೈಕಾಲ್ ಎರಡೂವರೆ ಲೀಟರ್, ಒಟ್ಟು 8 ಲೀಟರಿನಲ್ಲಿ ನೂರಕ್ಕೆ 31 ಪಾಲು. ಮೂರನೇ ಒಂದಕ್ಕಿಂತ ಕಮ್ಮಿಯಾದರೆ ತುಕ್ಕು ತಡೆಯುವ ಶಕ್ತಿ ಸಾಲದು. ಅದಕ್ಕೇ ನೀರು ಬೆರೆಸದ ಕಾನ್ಸಂಟ್ರೇಟ್ ಕೊಳ್ಳಿ: ಮೊದಲು 4 ಲೀಟರ್ ಅದು, ಆಮೇಲೆ 1 ಲೀಟರ್ ಡಿಸ್ಟಿಲ್ಡ್. ಕೊನೆಯ ತೊಳೆತವೂ ಡಿಸ್ಟಿಲ್ಡ್ ನೀರಲ್ಲೇ ಆಗಲಿ, ಇಲ್ಲವಾದರೆ ಒಳಗುಳಿದ 3 ಲೀಟರ್ ಬೋರ್ ನೀರೇ.

ಹೀಟರ್ ಇದ್ದರೆ ಬಿಸಿಗೆ ತಿರುಗಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದು ಎಂಜಿನ್ ಓಡಿಸಿ. ಮೇಲಿನ ಹೋಸ್ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ. ಗಾಳಿ ಹೊರಬಿದ್ದು ಮಟ್ಟ ಇಳಿಯುತ್ತದೆ, ತುಂಬಿ ಮುಚ್ಚಿ.

ತೆಗೆದ ಹಳೇ ಕೂಲಂಟ್ ಸಿಹಿ, ಆದರೆ ವಿಷ. ನೆಕ್ಕಿದ ನಾಯಿ, ಕರುಗಳ ಮೂತ್ರಪಿಂಡವೇ ಹೋಗುತ್ತದೆ. ಚರಂಡಿಗೆ ಚೆಲ್ಲದೆ ಬಿರಡೆಯ ಕ್ಯಾನಿಗೆ ಹಾಕಿ, ಹೆಸರು ಬರೆದಿಡಿ.