ಥ್ರೆಡ್ ಅಗ್ಗವಾಯಿತು, ಡೇಟಾಬೇಸ್ ಕನೆಕ್ಷನ್ ಆಗಲಿಲ್ಲ

"ಸರ್, ಸಿಪಿಯು ಖಾಲಿ ಕೂತಿದೆ. ಆದ್ರೂ ಒಂದು ರಿಕ್ವೆಸ್ಟೂ ಮುಂದೆ ಹೋಗ್ತಿಲ್ಲ." ಬೆಳ್ಳಂದೂರಿನ ಒಂದು ತಂಡದ ಹುಡುಗಿ ಸಂಜೆ ಏಳಕ್ಕೆ ಫೋನ್ ಮಾಡಿ ಹೇಳಿದ್ದು ಇಷ್ಟೇ. ಅವರು ಜಾವಾ ಭಾಷೆಯ 17ನೇ ಆವೃತ್ತಿಯಿಂದ 21ಕ್ಕೆ ಬಂದು, ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನಲ್ಲಿ ಒಂದು ಸಾಲು ಸೇರಿಸಿ ವರ್ಚುವಲ್ ಥ್ರೆಡ್ ಆನ್ ಮಾಡಿದ್ದರು. ಟೆಸ್ಟಿಂಗ್‌ನಲ್ಲಿ ಎಲ್ಲ ಸರಿಯಾಗಿತ್ತು.

ಥ್ರೆಡ್ ಅಂದರೆ ಪ್ರೋಗ್ರಾಮ್ ಒಳಗೆ ಒಂದು ಕೆಲಸವನ್ನು ಓಡಿಸುವ ಎಳೆ. ಜಾವಾದ ಹಳೆ ಥ್ರೆಡ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಥ್ರೆಡ್. ಲಿನಕ್ಸ್‌ನಲ್ಲಿ ಒಂದೊಂದರ ಸ್ಟ್ಯಾಕ್‌ಗೂ ಸಾಮಾನ್ಯವಾಗಿ 1 ಎಂಬಿ ಜಾಗ ಕಾದಿರಿಸಬೇಕು. ಅದಕ್ಕೇ ವೆಬ್ ಸರ್ವರ್ ಟಾಮ್‌ಕ್ಯಾಟ್, ನಾವು ಬದಲಿಸದಿದ್ದರೆ, 200 ಥ್ರೆಡ್‌ಗೆ ನಿಲ್ಲಿಸುತ್ತದೆ. ಆ 200ರಲ್ಲಿ ಬಹುಪಾಲು ಡೇಟಾಬೇಸ್ ಉತ್ತರಕ್ಕೆ ಸುಮ್ನೆ ಕಾಯುತ್ತಿರುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಜಾವಾ 21ರ ಜೊತೆ ಪೂರ್ಣರೂಪದಲ್ಲಿ ಬಂದ ವರ್ಚುವಲ್ ಥ್ರೆಡ್ ಹಾಗಲ್ಲ. ಕಾಯುವ ಹೊತ್ತು ಬಂದರೆ ತನ್ನನ್ನು ಹೊತ್ತಿರುವ ಆಪರೇಟಿಂಗ್ ಸಿಸ್ಟಮ್ ಥ್ರೆಡ್‌ನಿಂದ, ಅಂದರೆ ಕ್ಯಾರಿಯರ್‌ನಿಂದ, ಇಳಿದು ಇನ್ನೊಂದಕ್ಕೆ ಜಾಗ ಬಿಡುತ್ತದೆ. ಲಕ್ಷಗಟ್ಟಲೆ ಹುಟ್ಟಿಸಿದರೂ ಜಾವಾ ಓಡಿಸುವ ಜೆವಿಎಂ ತಡೆದುಕೊಳ್ಳುತ್ತದೆ.

ಆದರೆ 21ರಲ್ಲಿ ಒಂದು ತೊಡಕಿತ್ತು. ಸಿಂಕ್ರೊನೈಸ್ಡ್ ಬ್ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಹೋಗಬಹುದಾದ ಕೋಡ್) ಒಳಗೆ ಕಾದರೂ, ಅದರ ಲಾಕ್‌ಗೆ ಹೊರಗೆ ಕಾದರೂ ಥ್ರೆಡ್ ಕೆಳಗಿಳಿಯುತ್ತಿರಲಿಲ್ಲ. ಕ್ಯಾರಿಯರ್‌ಗಳೋ, ಎಷ್ಟು ಕೋರ್ ಇದೆಯೋ ಅಷ್ಟೇ.

ಈ ತಂಡದ ಕಂಟೇನರ್‌ಗೆ ಇದ್ದದ್ದು 4 ಕೋರ್. ಥ್ರೆಡ್‌ಗಳ ಸ್ಥಿತಿ ತೋರಿಸುವ ಜೆಸ್ಟ್ಯಾಕ್‌ನಲ್ಲಿ ಕ್ಯಾರಿಯರ್‌ಗಳು ಕಂಡವು, ವರ್ಚುವಲ್ ಥ್ರೆಡ್‌ಗಳು ಏನು ಮಾಡುತ್ತಿವೆ ಅಂತ ಕಾಣಲಿಲ್ಲ. ಜೆಸಿಎಂಡಿ ಎಂಬ ಇನ್ನೊಂದು ಸಾಧನದಿಂದ ಎಲ್ಲ ಥ್ರೆಡ್‌ಗಳ ಡಂಪ್ (ಸ್ಥಿತಿಯ ಪಟ್ಟಿ) ಫೈಲ್‌ಗೆ ತೆಗೆಸಿದ ಮೇಲೆ ಗೊತ್ತಾಯಿತು. ಒಂದು ಹಳೆ ಲೈಬ್ರರಿಯಲ್ಲಿ ಲಾಗಿನ್ ಟೋಕನ್ ಹೊಸದಾಗಿ ತರುವ ಮೆಥಡ್ ಸಿಂಕ್ರೊನೈಸ್ಡ್ ಆಗಿತ್ತು. ಅದರೊಳಗೆ ಒಂದು ಎಚ್‌ಟಿಟಿಪಿ ಕರೆ. ಎಷ್ಟು ಹೊತ್ತು ಕಾಯಬೇಕೆಂಬ ಟೈಮ್‌ಔಟ್ ಕೊಟ್ಟಿರಲಿಲ್ಲ! ಒಂದು ಥ್ರೆಡ್ ಆ ಕರೆಯಲ್ಲಿ ಸಿಕ್ಕಿಕೊಂಡಿತ್ತು, ಮೂರು ಅದೇ ಲಾಕ್‌ಗೆ ಕಾಯುತ್ತಿದ್ದವು. ನಾಲ್ಕೂ ಕ್ಯಾರಿಯರ್ ಹೋದವು. ಮಿಕ್ಕ ಸಾವಿರಾರು ರಿಕ್ವೆಸ್ಟ್ ಹತ್ತಲು ಜಾಗವೇ ಇಲ್ಲ.

ಟೈಮ್‌ಔಟ್ ಹಾಕಿ, ಸಿಂಕ್ರೊನೈಸ್ಡ್ ಬದಲು, ಕಾಯುವಾಗ ಥ್ರೆಡ್ ಇಳಿಯಲು ಬಿಡುವ ರೀಎಂಟ್ರಂಟ್ ಲಾಕ್ ಇರುವ ಹೊಸ ಲೈಬ್ರರಿಗೆ ಬದಲಾಯಿಸಿದೆವು. ಈ ಸಿಂಕ್ರೊನೈಸ್ಡ್ ತೊಡಕನ್ನು 2025ರ ಮಾರ್ಚ್‌ನಲ್ಲಿ ಬಂದ ಜಾವಾ 24 ಬಹುಮಟ್ಟಿಗೆ ತೆಗೆದುಹಾಕಿದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ 25 ದೀರ್ಘಾವಧಿ ಬೆಂಬಲದ ಆವೃತ್ತಿ. ಇನ್ನೂ 8 ಅಥವಾ 11ರಲ್ಲಿ ಇರುವವರು 21ರಲ್ಲಿ ನಿಲ್ಲದೆ ನೇರ 25ಕ್ಕೆ ಹೋಗಿ ಅಂತಲೇ ನಾನು ಹೇಳುವುದು.

ಎರಡು ದಿನ ಬಿಟ್ಟು ಮತ್ತೆ ಫೋನ್. ಈ ಸಲ ಡೇಟಾಬೇಸ್ ಕನೆಕ್ಷನ್ ಸಿಗುತ್ತಿಲ್ಲ. ನನಗೆ ಇದು ಮೊದಲಿನದಕ್ಕಿಂತ ದೊಡ್ಡ ವಿಷಯ, ಯಾಕಂದರೆ ಯಾವ ಆವೃತ್ತಿಗೆ ಹೋದರೂ ಇದು ತಾನಾಗಿ ಸರಿಹೋಗುವುದಿಲ್ಲ. ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟು ಹಂಚುವ ಹಿಕಾರಿ ಪೂಲ್‌ನಲ್ಲಿ ನಾವು ಬದಲಿಸದಿದ್ದರೆ ಇರುವುದು 10 ಕನೆಕ್ಷನ್, ಕಾಯುವುದು 30 ಸೆಕೆಂಡ್. ಮೊದಲು ಟಾಮ್‌ಕ್ಯಾಟ್‌ನ 200ರ ಮಿತಿಯೇ ಬಾಗಿಲಲ್ಲಿ ಜನರನ್ನು ತಡೆದು ನಿಲ್ಲಿಸುತ್ತಿತ್ತು. ಅದನ್ನು ಯಾರೂ ಹಾಗಂತ ಬರೆದಿಟ್ಟಿರಲಿಲ್ಲ, ಅಲ್ವಾ? ವರ್ಚುವಲ್ ಥ್ರೆಡ್ ಬಂದ ದಿನ ಆ ಬಾಗಿಲು ಹೋಯಿತು. ದರ್ಶಿನಿಯ ಕೌಂಟರಿನಲ್ಲಿ ಎಷ್ಟು ಬೇಗ ಬಿಲ್ ಹರಿದು ಕೊಟ್ಟರೂ ಕಾವಲಿ ಮೇಲೆ ಒಂದು ಸಲಕ್ಕೆ ಹಿಡಿಯುವ ದೋಸೆ ಅಷ್ಟೇ.

"ಪೂಲ್ 500 ಮಾಡಿಬಿಡೋಣ್ವಾ ಸರ್?" ಅಂದಳು. ಬೇಡ ಅಂದೆ. ಆ ಹೊರೆ ಹೋಗಿ ಡೇಟಾಬೇಸ್ ತಲೆ ಮೇಲೆ ಕೂರುತ್ತದೆ. ವರ್ಚುವಲ್ ಥ್ರೆಡ್‌ಗಳನ್ನೇ ಪೂಲ್ ಮಾಡುವುದೂ ಬೇಡ, ಅವು ಬಳಸಿ ಬಿಸಾಡಲೆಂದೇ ಇರುವಂಥವು. ಡೇಟಾಬೇಸ್ ಮುಟ್ಟುವ ಕೋಡ್ ಮುಂದೆ ಒಂದು ಸಲಕ್ಕೆ ಇಂತಿಷ್ಟೇ ಥ್ರೆಡ್ ಒಳಗೆ ಬಿಡುವ ಸೆಮಫೋರ್ ಇಟ್ಟು 40 ಪರ್ಮಿಟ್ ಕೊಟ್ಟೆವು. 200 ಮಿಲಿಸೆಕೆಂಡ್‌ನಲ್ಲಿ ಪರ್ಮಿಟ್ ಸಿಗದ ರಿಕ್ವೆಸ್ಟ್‌ಗೆ ಕೂಡಲೇ 503, ಅಂದರೆ ಸೇವೆ ಸದ್ಯಕ್ಕಿಲ್ಲ ಎಂಬ ಉತ್ತರ. ಬಳಕೆದಾರನನ್ನು 30 ಸೆಕೆಂಡ್ ಕಾಯಿಸಿ ಬೈಸಿಕೊಳ್ಳುವುದಕ್ಕಿಂತ ಅದೇ ಮೇಲು.

ಆ 40 ಎಲ್ಲಿಂದ ಬಂತು ಅಂತ ಅವಳೇ ಕೋಡ್ ಪಕ್ಕದಲ್ಲಿ ಮೂರು ಸಾಲಿನ ಕಾಮೆಂಟ್ ಬರೆದಳು. ಲೋಡ್ ಟೆಸ್ಟ್‌ನ ತಾರೀಕೂ ಅದರಲ್ಲಿದೆ.