ಮೂವರು ಹಾಡಿದ 624 ದನಿ

1975ರಲ್ಲಿ ಬ್ರಿಟನ್ನಿನ ಪಾಪ್ ಪಟ್ಟಿಯ ತುದಿಗೇರಿದ ‘ಐ ಆಮ್ ನಾಟ್ ಇನ್ ಲವ್’ ಹಾಡಿನಲ್ಲಿ ಡ್ರಮ್ಮಿನ ಅಬ್ಬರವಿಲ್ಲ, ಗಿಟಾರಿನ ಮೆರೆದಾಟವಿಲ್ಲ. ನನಗೆ ಪ್ರೀತಿಗೀತಿ ಏನಿಲ್ಲ ಎಂದು ಒಬ್ಬ ಹಠ ಹಿಡಿದು ಹೇಳುತ್ತಾನೆ, ಹೇಳಿದಷ್ಟೂ ಸಿಕ್ಕಿಬೀಳುತ್ತಾನೆ. ಅವನ ಹಿಂದೆ ಸುಮಾರು ಆರು ನಿಮಿಷ ದನಿಗಳ ಮೋಡವೊಂದು ತೇಲುತ್ತದೆ. ಹಾಡು ಹಳತಾಗದ ಗುಟ್ಟು ಸಾಹಿತ್ಯಕ್ಕಿಂತ ಹೆಚ್ಚಾಗಿ ಆ ಮೋಡದಲ್ಲಿದೆ ಎಂಬುದು ನನ್ನ ವಾದ.

ಟೆನ್ ಸಿಸಿ ತಂಡದ ಎರಿಕ್ ಸ್ಟುವರ್ಟ್ ಮತ್ತು ಗ್ರಹಾಂ ಗೌಲ್ಡ್‌ಮನ್ ಇದನ್ನು ಮೊದಲು ಬ್ರೆಜಿಲ್‌ನ ಬೋಸಾ ನೋವಾ ಲಯದಲ್ಲಿ ಕಟ್ಟಿದ್ದರು. ಉಳಿದವರಿಗೆ ಹಿಡಿಸಲಿಲ್ಲ, ಧ್ವನಿಮುದ್ರಣವನ್ನು ಅಳಿಸಿಯೇ ಹಾಕಿದರು. ಆದರೆ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೋದ ಸಿಬ್ಬಂದಿ ಅದನ್ನೇ ಗುನುಗುತ್ತ ಓಡಾಡುತ್ತಿದ್ದರು. (ಇದಕ್ಕಿಂತ ನಂಬಿಕಸ್ಥ ಸಮೀಕ್ಷೆ ಬೇಕೆ?) ವಾದ್ಯ ಬಿಟ್ಟು ದನಿಗಳಿಂದಲೇ ಕಟ್ಟೋಣ ಎಂದವರು ಅದೇ ತಂಡದ ಕೆವಿನ್ ಗಾಡ್ಲಿ, ಟೇಪ್ ಲೂಪಿನ (ಸುತ್ತುತ್ತಲೇ ಇರುವ ಟೇಪಿನ) ಉಪಾಯ ಇನ್ನೊಬ್ಬ ಸದಸ್ಯ ಲೋಲ್ ಕ್ರೀಮ್ ಅವರದು.

ಗಾಡ್ಲಿ, ಕ್ರೀಮ್, ಗೌಲ್ಡ್‌ಮನ್ ಮೂವರೂ ಒಂದೇ ಸ್ವರವನ್ನು ‘ಆ’ ಎಂದು 16 ಸಲ ಎಳೆದು ಹಾಡಿದರು: ಒಂದು ಸ್ವರಕ್ಕೆ 48 ದನಿ. ಹೀಗೆ 13 ಸ್ವರ, ಒಟ್ಟು 624. ಪ್ರತಿ ಸ್ವರದ ಟೇಪನ್ನು ತುದಿಗೆ ತುದಿ ಅಂಟಿಸಿ ಬಳೆಯಂತೆ ಮಾಡಿದರು. ಅಂಟಿಸಿದ ಜಾಗ ಯಂತ್ರದ ಹೆಡ್ ದಾಟುವಾಗಲೆಲ್ಲ ಸಣ್ಣದೊಂದು ‘ಟಕ್’ ಕೇಳುತ್ತಿತ್ತು. ಅದು ಪದೇಪದೇ ಬರಬಾರದೆಂದು ಟೇಪನ್ನು ಸುಮಾರು 12 ಅಡಿ ಉದ್ದ ಬಿಟ್ಟು, ಜೋಲದಂತೆ ಮೈಕ್ ಸ್ಟ್ಯಾಂಡೊಂದರ ಸುತ್ತ ಹಾಯಿಸಿ ಬಿಗಿ ಮಾಡಿದರು. ಕೊನೆಗೆ ಮಿಕ್ಸಿಂಗ್ ಡೆಸ್ಕೇ ವಾದ್ಯವಾಯಿತು. ಬೇಕಾದ ಸ್ವರದ ಫೇಡರ್ (ಸದ್ದು ಹೆಚ್ಚು ಕಡಿಮೆ ಮಾಡುವ ಜಾರುಗುಂಡಿ) ಏರಿಸುವುದು, ಬೇಡವಾದದ್ದು ಇಳಿಸುವುದು. ಪೂರ್ತಿ ಇಳಿಯದಂತೆ ಕೆಳಗೆ ಅಂಟುಟೇಪಿನ ಪಟ್ಟಿಯನ್ನೂ ಅಂಟಿಸಿದ್ದರು. ಹಾಗಾಗಿ 13 ಸ್ವರಗಳೂ ಸಣ್ಣಗೆ ಸದಾ ಮೊರೆಯುತ್ತಲೇ ಇರುತ್ತವೆ.

ಒಬ್ಬರ ದನಿಯನ್ನೇ 48 ಪ್ರತಿ ಮಾಡಿದ್ದರೆ ಆಗುತ್ತಿರಲಿಲ್ಲವೇ? ಇಲ್ಲ. ಪ್ರತಿಗಳನ್ನು ಒಂದರ ಮೇಲೊಂದು ಇಟ್ಟರೆ ಸದ್ದು ಜೋರಾಗುತ್ತದೆ, ಅಷ್ಟೆ. ಮನುಷ್ಯ ಒಂದೇ ಸ್ವರವನ್ನು ಎರಡು ಸಲ ಹಾಡಿದರೆ ಎರಡೂ ಕೂದಲೆಳೆಯಷ್ಟು ಬೇರೆ. ಒಂದು 440 ಹರ್ಟ್ಸ್ (ಸೆಕೆಂಡಿಗೆ 440 ಕಂಪನ), ಇನ್ನೊಂದು 442 ಇದ್ದರೆ, ಸೇರಿದ ಸದ್ದು ಸೆಕೆಂಡಿಗೆ ಎರಡು ಬಾರಿ ಏರಿ ಇಳಿಯುತ್ತದೆ. 48 ದನಿಗಳಲ್ಲಿ ಇಂಥ ಏರಿಳಿತ ನೂರಾರು, ಯಾವುದಕ್ಕೂ ಇನ್ನೊಂದರ ಹಂಗಿಲ್ಲ. ಬಿಡಿ ದನಿಯನ್ನು ಹುಡುಕುವುದನ್ನು ಕಿವಿ ಕೈಬಿಡುತ್ತದೆ. ಅಗಲವಾದ, ಉಸಿರಾಡುವ ಒಂದೇ ಸದ್ದು ಕೇಳುತ್ತದೆ. ಪಕ್ಕಾ ಶ್ರುತಿಯಲ್ಲಿ ಹಾಡಿದ್ದರೆ ಈ ಜಾದೂ ಕೆಡುತ್ತಿತ್ತು.

ಹಾಡಿನ ನಡುವೆ ಒಮ್ಮೆ ಎಲ್ಲವೂ ತೆಳುವಾಗಿ ಹೆಣ್ಣುದನಿಯೊಂದು ಪಿಸುಗುಡುತ್ತದೆ. ಸ್ಟುಡಿಯೋ ಕಚೇರಿಯಲ್ಲಿ ಕೆಲಸಕ್ಕಿದ್ದಾಕೆಯ ದನಿ ಅದು. ಮೋಡ ಮತ್ತೆ ಯಾವಾಗ ಕವಿಯುತ್ತದೋ ಎಂದು ನಾವು ಕಾಯುತ್ತೇವೆ. ಮಾಂಟ್ರಿಯಲ್‌ನ ವಿಜ್ಞಾನಿಗಳು 2011ರಲ್ಲಿ ಬೇರೆ ಸಂಗೀತವನ್ನಿಟ್ಟು ತೋರಿಸಿದ್ದು ಇಂಥದ್ದನ್ನೇ: ಮೈ ಜುಮ್ಮೆನ್ನುವ ಗಳಿಗೆಯಲ್ಲಷ್ಟೇ ಅಲ್ಲ, ಅದಕ್ಕಾಗಿ ಕಾಯುವಾಗಲೂ ಮಿದುಳಿನಲ್ಲಿ ಖುಷಿಗೆ ನಂಟಿರುವ ಡೋಪಮೈನ್ ರಾಸಾಯನಿಕ ಒಸರುತ್ತದೆ.

ಹರೆಯದಲ್ಲಿ ಕೇಳಿದ್ದು ಜೀವಮಾನವಿಡೀ ಅಂಟಿಕೊಳ್ಳುತ್ತದೆ ಎಂಬ ವಿವರಣೆಯೂ ಇದೆ. 1975ರ ಹುಡುಗ ಹುಡುಗಿಯರಿಗೆ ಅದು ಸಾಕು. ಆದರೆ 2014ರಲ್ಲಿ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಚಿತ್ರ ಈ ಹಾಡಿನಿಂದಲೇ ಶುರುವಾದಾಗ, ಅದನ್ನು ಮೊದಲ ಬಾರಿ ಕೇಳಿ ಮರುಳಾದ ಎಳೆಯರಿಗೆ ಅಂಥ ನೆನಪು ಎಲ್ಲಿಂದ ಬರಬೇಕು?